ಮುನಿರಾಜುವಿನ ಮಾತಿನ ಮೇಲೆ ನನ್ನ ದನಿ

ಮುನಿರಾಜು ಹೇಳಿದ್ದು ನನಗೆ ಕೇಳಿಸಿತ್ತು. ಅರೆಬರೆಯಾಗಿ ಅಲ್ಲ — ಒಂದೊಂದು ಮಾತೂ ಕೇಳಿಸಿತ್ತು. ಕೇಳಿಸಿಕೊಂಡ ಮೇಲೆಯೇ ಅವನ ದನಿಯನ್ನು ಅಳಿಸಿ, ಆ ಜಾಗದಲ್ಲಿ ನನ್ನ ದನಿಯನ್ನು ಕೂರಿಸಿದೆ. ಅವನು ಹೇಳದೇ ಇದ್ದದ್ದನ್ನು ಅವನ ಹಾಗೆಯೇ ಹೇಳಿದೆ. ಅದನ್ನು ಅವನ ತಾಯಿಯ ಮುಂದೆ ಹಿಡಿದು, ನಿಮ್ಮ ಮಗನೇ ಅಂದೆ.

ಇಷ್ಟೇ ನನ್ನ ತಪ್ಪು. ಇಷ್ಟೇ! — ನೋಡಿ, ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಓದಿ ಹೇಳಿ ಹೊಟ್ಟೆ ಹೊರೆದವನಿಗೆ ಮಾತು ಸಲೀಸಾಗಿಯೇ ಬರುತ್ತದೆ, ಅದೇ ದೊಡ್ಡ ರೋಗ. ಇದನ್ನು ಓದುವವರು, ಬರೆದವನು ಒಮ್ಮೆ ಸುಳ್ಳು ಹೇಳಿದವನು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ. ನನಗೆ ಅದರಿಂದ ಬೇಜಾರಿಲ್ಲ.

ನನ್ನ ಹೆಸರು ಸೀನಪ್ಪ. ಹಾಗಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ಮೈಕ್ ಸೀನ ಅಂದರೆ ಆಂಡರ್ಸನ್‌ಪೇಟೆಯಿಂದ ಬೇತಮಂಗಲದವರೆಗೆ ಗೊತ್ತು. ಆಟೋ ಮೇಲೆ ಸ್ಪೀಕರ್ ಕಟ್ಟಿಕೊಂಡು ಸಾವಿನ ಸುದ್ದಿ, ನೀರು ಬಿಡುವ ಸುದ್ದಿ, ಕಳೆದುಹೋದ ಮಕ್ಕಳ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಕೆ.ಜಿ.ಎಫ್. ಬೀದಿಗಳಲ್ಲಿ ತಮಿಳಿನಲ್ಲೊಂದು ಸಲ, ತೆಲುಗಿನಲ್ಲೊಂದು ಸಲ, ಕನ್ನಡದಲ್ಲೊಂದು ಸಲ. "ಸೀನ ಯೋಳಿದ್ಮ್ಯಾಕೆ ಸತ್ತೋನೂ ಎದ್ದು ಬರಂಗಿಲ್ಲ ಬುಡು" ಎಂದು ಜನ ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆ ತಮಾಷೆಯೊಳಗೆ ಎಷ್ಟು ನಂಬಿಕೆ ಇತ್ತೆಂದು ಆಗ ತೂಗಿ ನೋಡಲಿಲ್ಲ.

ಆಮೇಲೆ ಬಂಗಾರಪೇಟೆಯ ರಾಜಣ್ಣ ಫೋನಿನಲ್ಲಿ ನೋಡುವಂಥ ಒಂದು ಸುದ್ದಿ ಚಾನೆಲ್ ಶುರು ಮಾಡಿದರು. ಸ್ಟೇಷನ್ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆ ಹಸಿರು ಬಟ್ಟೆ, ಒಂದು ಕಂಪ್ಯೂಟರ್, ಒಂದು ಮೈಕು. ಸುದ್ದಿ ಓದಲು ನನ್ನನ್ನು ಕರೆದರು. ಆಟೋದಿಂದ ಇಳಿದು ಕುರ್ಚಿಯ ಮೇಲೆ ಕೂತೆ. ಜಂಬ ಬಂತು, ಇಲ್ಲ ಅನ್ನುವುದಿಲ್ಲ.

ಅಲ್ಲಿಯೇ ಮೊದಲನೆಯ ಸುಳ್ಳು ಓದಿದೆ. ರಷ್ಯಾದಲ್ಲಿ ಗೋಡೌನ್ ಕೆಲಸ, ನಮ್ಮ ಜಿಲ್ಲೆಯ ಯುವಕರಿಗೆ ಒಳ್ಳೆಯ ಅವಕಾಶ ಎಂದು ಒಬ್ಬ ಏಜೆಂಟ್ ಬರೆದು ಕೊಟ್ಟಿದ್ದ. ಅದು ಜಾಹೀರಾತು. ನಾನು ಓದಿದ್ದು ಸುದ್ದಿಯ ಹಾಗೆ, ಬೆಳೆ ವಿಮೆಯ ಸುದ್ದಿಗೂ ಅಪಘಾತದ ಸುದ್ದಿಗೂ ನಡುವೆ, ಅದೇ ಗಂಭೀರ ದನಿಯಲ್ಲಿ. ಜಾಹೀರಾತು ಅನ್ನುವ ಪದ ಪರದೆಯ ಮೇಲೆ ಎಲ್ಲೂ ಇರಲಿಲ್ಲ. ನಾನೂ ಕೇಳಲಿಲ್ಲ.

ಮುನಿರಾಜು ಅದನ್ನು ನೋಡಿ ಮೆಟ್ಟಿಲು ಹತ್ತಿ ಬಂದ. ಬೇತಮಂಗಲದ ಹತ್ತಿರದ ಹಳ್ಳಿಯವನು, ನಮ್ಮ ಬೀದಿಯಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾತಿನ ಕೊನೆಯನ್ನು ಸ್ವಲ್ಪ ಎಳೆದು ಮೇಲಕ್ಕೆ ಎತ್ತುವ ಅಭ್ಯಾಸ ಅವನಿಗೆ, ಏನು ಹೇಳಿದರೂ ಪ್ರಶ್ನೆ ಕೇಳಿದ ಹಾಗೆ.

"ಸೀನಣ್ಣಾ, ರಷ್ಯಾದು ನಿಜಾನಾ?"

"ಸುಳ್ಳು ಯಾಕ್ ಯೋಳ್ಲಿ ಕಣ್ಲಾ?" ಅಂದೆ.

"ನೀನ್ ಯೋಳಿದ್ಮ್ಯಾಕೆ ಆಯ್ತು ಬುಡಣ್ಣ" ಎಂದು ಇಳಿದು ಹೋದ. ರಷ್ಯಾಕ್ಕೆ ಹೊರಟೇ ಹೋದ.

ಕೆಲವು ತಿಂಗಳು ಫೋನ್ ಬರುತ್ತಿತ್ತಂತೆ. ಆಮೇಲೆ ನಿಂತಿತು. ಅವನ ತಾಯಿ ಗೌರಮ್ಮಕ್ಕ ಕೂಲಿಗೆ ಹೋಗುವವರು; ಮನೆಯಲ್ಲಿ ಒಂದು ಹಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಏಜೆಂಟನನ್ನು ಕೇಳಿದರೆ ಇವತ್ತು ನಾಳೆ ಅಂದ. ಆಕೆ ನಮ್ಮ ಚಾನೆಲ್ಲಿಗೆ ಬಂದು, ನೀವೇ ಹೇಳಿದ್ದಲ್ಲವಾ, ನೀವೇ ವಿಚಾರಿಸಿ ಎಂದು ಕೂತರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾನು ಆಕೆಯ ಮುಖ ನೋಡದೆ ಫ್ಯಾನ್ ಜೋರು ಮಾಡಿದೆ.

ಒಂದು ದಿನ ಏಜೆಂಟ್ ರಾಜಣ್ಣನಿಗೆ ಒಂದು ವಿಡಿಯೋ ಕಳಿಸಿದ. ರಷ್ಯಾದ ಯಾವುದೋ ಟಿ.ವಿ.ಯಲ್ಲಿ ಬಂದದ್ದು. ಪರದೇಶದಿಂದ ಬಂದವರು ಎಷ್ಟು ಸಂತೋಷವಾಗಿದ್ದಾರೆ ನೋಡಿ ಅನ್ನುವ ವರದಿ. ಅದರಲ್ಲಿ ಮುನಿರಾಜು! ರಾಜಣ್ಣ ಕುಣಿದಾಡಿದರು. "ಲೇ ಸೀನ, ನಮ್ಮೂರ್ ಹುಡ್ಗ ರಷ್ಯಾ ಟಿ.ವಿ.ನಾಗೆ ಬಂದವ್ನೆ ಕಣ್ಲಾ! ಕನ್ನಡದಾಗೆ ಮಾಡಾಕು. ಅವ್ರಮ್ಮನ್ನೂ ಕರ್ಸ್ತೀನಿ."

ಅಲ್ಲಿಯ ಟಿ.ವಿ.ಯವರದ್ದೊಂದು ಪದ್ಧತಿ ಇದೆ. ಬೇರೆ ಭಾಷೆಯವರು ಮಾತಾಡಿದರೆ ಕೆಳಗೆ ಅಕ್ಷರ ಹಾಕುವುದು ಕಡಿಮೆ. ಮಾತಾಡುವವನ ಮಾತಿನ ಮೇಲೆಯೇ ಇನ್ನೊಬ್ಬ ರಷ್ಯನ್ನಿನಲ್ಲಿ ಓದಿಕೊಂಡು ಹೋಗುತ್ತಾನೆ. ಕೆಳಗಿನ ದನಿಯನ್ನು ತಗ್ಗಿಸುತ್ತಾರೆ, ಪೂರ್ತಿ ತೆಗೆಯುವುದಿಲ್ಲ. ಫೋನಿನಲ್ಲಿ ಕೇಳಿದರೆ ಮೇಲಿನವನ ದಪ್ಪ ದನಿ ಬಿಟ್ಟರೆ ಇನ್ನೇನೂ ಇಲ್ಲ. ರಾಜಣ್ಣ ಆ ರಷ್ಯನ್ನನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ನನ್ನ ಕೈಗೆ ಕೊಟ್ಟರು. ಕೆಲಸ ಗೌರವದ್ದು. ಊಟ ಬಿಸಿಯಾಗಿರುತ್ತದೆ. ಹಿಮ ಚೆನ್ನಾಗಿದೆ. ಕೆಲಸದ ಜಾಗದಲ್ಲಿ ಫೋನ್ ಬಳಸುವಂತಿಲ್ಲ.

ಮಧ್ಯಾಹ್ನ. ಕೆಳಗೆ ಪಾತ್ರೆ ಅಂಗಡಿಯವರು ಊಟಕ್ಕೆ ಹೋಗಿದ್ದರು, ಬೀದಿಯಲ್ಲಿ ಸದ್ದಿರಲಿಲ್ಲ. ಮಾತು ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಗುರುತು ಹಾಕಿಕೊಳ್ಳಲು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ.

ತಗಡಿನ ಗೋಡೆಯ ಉದ್ದನೆಯ ಕೋಣೆ, ಕಿಟಕಿಯಾಚೆ ಬೆಳ್ಳಗೆ ಹಿಮ. ಮುನಿರಾಜು ದಪ್ಪ ಜಾಕೆಟ್ಟಿನಲ್ಲಿ ನಿಂತು ನಗುತ್ತಿದ್ದಾನೆ. ರಷ್ಯನ್ನಿನವನು ಓದುತ್ತಿದ್ದಾನೆ. ಅವನ ಕೆಳಗೆ — ಬಾವಿಯೊಳಗಿಂದ ಬಂದ ಹಾಗೆ — ಕೋಲಾರದ ಕಡೆಯ ಕನ್ನಡ.

"ಅಮ್ಮಾ, ಇದು ಗೋಡೌನ್ ಕೆಲ್ಸ ಅಲ್ಲ. ನಮ್ ಕೈಗೆ ಗನ್ ಕೊಟ್ಟವ್ರೆ. ನಾಳೆ ಎಲ್ಗೋ ಕರ್ಕೊಂಡೋಯ್ತಾರಂತೆ. ನಗ್ತಾ ಮಾತಾಡು ಅಂದವ್ರೆ, ಅದ್ಕೇ ನಗ್ತಾವ್ನಿ. ನಮ್ ಮಾತು ಗೊತ್ತಿರೋರು ಯಾರಾನ ಕೇಳಿಸ್ಕೊಂಡ್ರೆ — ಅಣ್ಣಾ, ದೊಡ್ಡೋರ್ಗೆ ಯೋಳಿ ನನ್ನ ಕರ್ಸ್ಕೊಳ್ರಣ್ಣಾ..."

ಕೊನೆಯನ್ನು ಎಳೆದು ಮೇಲಕ್ಕೆ ಎತ್ತಿದ. ಹಲ್ಲು ಕಾಣುವ ಹಾಗೆ ನಗುತ್ತಲೇ ಇದ್ದ.

ಹೆಡ್‌ಫೋನ್ ತೆಗೆದೆ: ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಮತ್ತೆ ಹಾಕಿಕೊಂಡೆ: ಅವನಿದ್ದ. ತೆಗೆದರೆ ಇಲ್ಲ, ಹಾಕಿಕೊಂಡರೆ ಇದ್ದಾನೆ. ನಿಮ್ಮ ಭಾಷೆಯಲ್ಲೇ ಮಾತಾಡು ಎಂದು ಅವರು ಹೇಳಿರಬೇಕು. ಅಲ್ಲಿ ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ, ಎಲ್ಲೋ ಯಾರೋ ಒಬ್ಬನಿಗಾದರೂ ತಿಳಿಯುತ್ತದೆ ಎಂಬ ಆಸೆಯಲ್ಲಿ ಮಾತಾಡಿದ್ದಾನೆ. ಆ ಒಬ್ಬ ನಾನಾದೆ. ಅವನ ದುರದೃಷ್ಟ ನೋಡಿ.

ನಮ್ಮಪ್ಪ ಕೆ.ಜಿ.ಎಫ್.ನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಕೆಲಸ ಮಾಡಿದವನು. ಒಳಗೆ ಬಂಡೆ ಸಿಡಿದು ಜನ ಸಿಕ್ಕಿಹಾಕಿಕೊಂಡರೆ, ಉಳಿದವರು ಕೆಲಸ ನಿಲ್ಲಿಸಿ ಗಾಳಿಯ ಪೈಪಿಗೆ ಕಿವಿ ಕೊಟ್ಟು ಕೂರುತ್ತಿದ್ದರಂತೆ. ಆ ಕಡೆಯಿಂದ ಯಾರಾದರೂ ಕಲ್ಲಿನಿಂದ ತಟ್ಟುತ್ತಾರೇನೋ ಎಂದು. ತಟ್ಟಿದ್ದು ಕೇಳಿಸಿದವನು ಆ ಗಳಿಗೆಯಲ್ಲೇ ಕೂಗಬೇಕು. ಮೇಸ್ತ್ರಿಯೇ ಆಗಲಿ, ಟ್ರಾಲಿ ತಳ್ಳುವವನೇ ಆಗಲಿ. ಭ್ರಮೆ ಇರಬಹುದಾ ಎಂದು ಯೋಚಿಸುತ್ತಾ ಕೂರುವ ಹಕ್ಕು ಅವನಿಗಿಲ್ಲ. "ಕೇಳಿಸ್ಕೊಂಡು ಸುಮ್ನಿದ್ದೋನು ಕೊಲೆ ಮಾಡಿದಂಗೆ ಕಣ್ಲಾ" ಅನ್ನುತ್ತಿದ್ದ ಅಪ್ಪ. ಆ ಮಾತು ನನಗೆ ಆ ಮಧ್ಯಾಹ್ನವೇ ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆದಿದ್ದರೆ ಇನ್ನೊಂದು ಸುಳ್ಳಾಗುತ್ತಿತ್ತು.

ಮತ್ತೆ ಯಾಕೆ ಕೂಗಲಿಲ್ಲ? ಬಿಸಿತುಪ್ಪ ಬಾಯಲ್ಲಿತ್ತು — ಉಗುಳಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವನನ್ನು ರಷ್ಯಾಕ್ಕೆ ಕಳಿಸಿದ್ದು ಯಾರು, ಏಜೆಂಟಾ? ಅವನ ಮುಖವನ್ನು ಮುನಿರಾಜು ನೋಡಿದ್ದು ಆಮೇಲೆ. ಮೊದಲು ಕೇಳಿದ್ದು ನನ್ನ ದನಿಯನ್ನು. ಮೈಕ್ ಸೀನ ಮಾರಿಕೊಂಡ ಎಂದು ಊರು ಆಡಿಕೊಳ್ಳುತ್ತದೆ ಎಂಬ ಹೆದರಿಕೆ. ಅವನ ಪ್ರಾಣಕ್ಕೆ ನಾನು ಹೆದರಲಿಲ್ಲ, ನನ್ನ ಹೆಸರಿಗೆ ಹೆದರಿದೆ. ರಾಜಣ್ಣನಿಗೂ ಹೇಳಲಿಲ್ಲ. ಅವರ ಮೇಲೆ ಹಾಕಲು ಇದರಲ್ಲಿ ಏನೂ ಇಲ್ಲ.

ಹೊರಗಿನ ಬೆಂಚಿನ ಮೇಲೆ ಗೌರಮ್ಮಕ್ಕ ಬಂದು ಕೂತಾಗಿತ್ತು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ನನಗೆಂದು ಚೀಲದಲ್ಲಿ ಬೇಯಿಸಿದ ಕಡಲೆಕಾಯಿ ತಂದಿದ್ದರು. ಹಸು ಈದಿದೆ, ಹೆಣ್ಣು ಕರು, ಮುನಿರಾಜುಗೆ ಗೊತ್ತಾದರೆ ಕುಣಿಯುತ್ತಿದ್ದ ಎಂದು ರಾಜಣ್ಣನ ಹತ್ತಿರ ಹೇಳುತ್ತಿದ್ದದ್ದು ಬಾಗಿಲ ಸಂದಿಯಿಂದ ಕೇಳಿಸುತ್ತಿತ್ತು. ನಾನು ಬಾಗಿಲು ಹಾಕಿದೆ. ಕೆಳಗಿನ ದನಿಯನ್ನು ಪೂರ್ತಿ ಅಳಿಸಿದೆ, ರಷ್ಯನ್ನಿನವನನ್ನೂ ಅಳಿಸಿದೆ. ಮೈಕಿನ ಮುಂದೆ ಕೂತೆ.

ಬರೆದು ಕೊಟ್ಟದ್ದನ್ನಷ್ಟೇ ಓದಿದ್ದರೆ — ಆಗಲೂ ಪಾಪವೇ. ಆದರೆ ನಾನು ಕಲಾವಿದ ನೋಡಿ! ಅವನು ಎಳೆಯುವ ಹಾಗೆ ಎಳೆದೆ, ಎತ್ತುವ ಹಾಗೆ ಎತ್ತಿದೆ. "ಅಮ್ಮಾ, ಇಲ್ಲಿ ಎಲ್ಲಾ ಚೆನ್ನಾಗೈತೆ. ಫೋನ್ ಬರ್ಲಿಲ್ಲ ಅಂತ ಗಾಬ್ರಿ ಬೀಳ್ಬ್ಯಾಡ. ಹಸ ಈದ್ರೆ ಕರೂಗೆ ಹಾಲು ಬುಡು, ಎಲ್ಲಾ ಕರಕೋಬ್ಯಾಡ." ಓದುವವನು ಸೀನಪ್ಪ ಎಂದು ಪರದೆಯ ಮೇಲೆ ಒಂದು ಸಾಲು ಹಾಕುವುದು ಕಷ್ಟವಿರಲಿಲ್ಲ. ಹಾಕಲಿಲ್ಲ.

ಗೌರಮ್ಮಕ್ಕ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಇದು ನನ್ ಮಗನೇನಾ ಸೀನಪ್ಪ? ಬಾಯಿ ಒಂತರ ಆಡ್ತದೆ, ಮಾತೇ ಒಂತರ ಬತ್ತದೆ" ಅಂದರು.

"ನೆಟ್‌ವರ್ಕ್ ಅಕ್ಕ. ಅವನೇ. ಆಣೆಗೂ ಅವನೇ."

"ಅಷ್ಟ್ ದೂರ ಇದ್ರೂ ಹಸ ಗ್ಯಾಪ್ಕ ಇಟ್ಟವ್ನೆ ನೋಡು!" ಎಂದು ರಾಜಣ್ಣನ ಕಡೆ ನೋಡಿ ನಕ್ಕರು. ಕಡಲೆಕಾಯಿ ಚೀಲ ನನ್ನ ಕೈಗೆ ಬಂತು. ತಿಂದೆ ಕೂಡ.

ಬೇರೆ ಕಡೆಗಳಲ್ಲಿ ಹೀಗೆ ಹೋದ ಹುಡುಗರ ಮನೆಯವರು ಬೀದಿಗಿಳಿದರು, ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದರು. ಕೂಗಿದವರ ಮಕ್ಕಳಲ್ಲಿ ಕೆಲವರಾದರೂ ಹಿಂತಿರುಗಿದರು. ನೀನೂ ಕೋಲಾರಕ್ಕೆ ಹೋಗಿ ಅರ್ಜಿ ಕೊಡು ಎಂದು ಅಕ್ಕಪಕ್ಕದವರು ಹೇಳಿದರೆ ಗೌರಮ್ಮಕ್ಕ ಫೋನ್ ತೆಗೆದು ನನ್ನ ವಿಡಿಯೋ ತೋರಿಸುತ್ತಿದ್ದರು. ಯಾಕೆ ಕೊಡಲಿ, ಅವನೇ ಚೆನ್ನಾಗಿದ್ದೀನಿ ಅಂತ ಹೇಳಿದ್ದಾನಲ್ಲ. ಅವನು ಬದುಕುಳಿಯುವ ಒಂದು ದಾರಿ ಇದ್ದರೆ ಅದು ಅವನ ತಾಯಿ ಬಾಯಿ ಬಡಿದುಕೊಳ್ಳುವುದು. ಆ ಬಾಯನ್ನೇ ನಾನು ಮುಚ್ಚಿದ್ದೆ.

ಆಮೇಲೆ ರಷ್ಯಾದವಳೇ ಒಬ್ಬಳು ಬರೆದಳು. ಲೀನಾ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ಬೇಡ. ಪತ್ರಕರ್ತೆ, ತನ್ನ ದೇಶದಲ್ಲಿ ಬರೆದದ್ದಕ್ಕೆ ದೇಶ ಬಿಡಬೇಕಾಗಿ ಬಂದು, ಬೇರೆಲ್ಲೋ ಕೂತು ಅದೇ ಕೆಲಸ ಮಾಡುತ್ತಿದ್ದಳು. ಆ ವರದಿಯ ಚಿತ್ರಗಳನ್ನು ಹುಡುಕುತ್ತಾ ನಮ್ಮ ಚಾನೆಲ್ ಸಿಕ್ಕಿತಂತೆ. ಇಂಗ್ಲಿಷಿನಲ್ಲಿ ಕೇಳಿದಳು: ಅಲ್ಲಿಯ ಟಿ.ವಿ. ಮಾಡಿದ ತರ್ಜುಮೆಯನ್ನು ನಾನು ನಂಬುವುದಿಲ್ಲ. ಕೆಳಗಿನ ದನಿ ನಿಮ್ಮ ಭಾಷೆಯದ್ದಿರಬೇಕು. ಅವನು ನಿಜವಾಗಿ ಏನು ಹೇಳುತ್ತಿದ್ದಾನೆ?

ಎರಡನೆಯ ಸಲ ಪೈಪು ನನ್ನ ಕಿವಿಯ ಹತ್ತಿರ ಬಂದಿತ್ತು. ತರ್ಜುಮೆ ಸರಿಯಾಗಿದೆ ಎಂದು ಬರೆದೆ. ಖಚಿತವೇ ಎಂದಳು. ಖಚಿತ ಅಂದೆ. ಊರಿನ ಪತ್ರಕರ್ತರೊಬ್ಬರು ಖಚಿತಪಡಿಸಿದ್ದಾರೆ ಎಂದು ಆಕೆ ತನ್ನ ವರದಿಯಲ್ಲಿ ಸೇರಿಸಿದಳು. ಪತ್ರಕರ್ತ! ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕರೆಸಿಕೊಂಡದ್ದು ಆ ಸುಳ್ಳಿನಿಂದ.

ಅಲ್ಲಿಂದಾಚೆಗೆ ನಡೆದದ್ದನ್ನು ಹೇಗೆ ಹೇಳಲಿ — ನಗಬೇಡಿ. ಹಾಲಿನ ಡೈರಿಯ ಸುದ್ದಿ ಓದಿ, ಸರಿಯಾಗಿದೆಯಾ ಎಂದು ಹಿಂದಕ್ಕೆ ಹಾಕಿ ಕೇಳಿದರೆ ಸಾಲುಗಳ ಕೊನೆ ಮುನಿರಾಜುವಿನ ಹಾಗೆ ಎಳೆದುಕೊಂಡು ಮೇಲಕ್ಕೆ ಎದ್ದಿದೆ. ನಾನು ಹಾಗೆ ಓದಿರಲಿಲ್ಲ. ಮತ್ತೆ ಓದಿದೆ, ಮತ್ತೆ ಹಾಗೇ. "ಯಾಕ್ರೀ ಯಾರ ತರಾನೋ ಮಾತಾಡ್ತೀರಾ?" ಎಂದು ಹೆಂಡತಿ ಊಟಕ್ಕೆ ಬಡಿಸುತ್ತಾ ಕೇಳಿದಳು. ತಟ್ಟೆ ಸರಿಸಿ ಎದ್ದೆ.

ಒಂದು ಸಲ ಬೇತಮಂಗಲದ ಕೆರೆಯ ನೀರಿನ ಸುದ್ದಿಗೆಂದು ಹೋದವನು ಗೌರಮ್ಮಕ್ಕನ ಹಳ್ಳಿಯ ಮೇಲೆ ಬಂದೆ. ಬಿಸಿಲು ಇಳಿಯುತ್ತಿತ್ತು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಆಕೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಕತ್ತಲೆಯಿಂದ ಗಂಡಸಿನ ದನಿ: ಅಮ್ಮಾ, ಇಲ್ಲಿ ಎಲ್ಲಾ ಚೆನ್ನಾಗೈತೆ. ನಿಂತುಬಿಟ್ಟೆ. ನಿಜವಾಗಿ ಹೇಳುತ್ತೇನೆ, ಮುನಿರಾಜು ಬಂದುಬಿಟ್ಟ ಎಂದುಕೊಂಡೆ. ನನ್ನದೇ ದನಿ ಎಂದು ತಿಳಿಯಲು ಹೊತ್ತು ಹಿಡಿಯಿತು. ಮುಗಿಯಿತು, ಮತ್ತೆ ಶುರುವಾಯಿತು. ನಾನು ಬೀದಿಯಲ್ಲಿದ್ದೆ, ಆ ಮನೆಯೊಳಗೂ ಇದ್ದೆ; ಆ ಮನೆಯ ಮಗನಿಗೆ ಮಾತ್ರ ಎಲ್ಲೂ ಜಾಗವಿರಲಿಲ್ಲ. ಕರು ನನ್ನನ್ನು ನೋಡಿ ಕೂಗಿತು. ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೋದೆ.

ಅದಾದ ಮೇಲೆ ಒಂದು ಬೆಳಗ್ಗೆ ಆಕೆ ಫೋನ್ ಮಾಡಿದರು. ಮಗನ ಸುದ್ದಿ ಕೇಳಿದರು, ಇಲ್ಲ ಅಂದೆ. ಆಮೇಲೆ, "ಏನೋ ಕಾಣೆ ಕಣಪ್ಪ, ಈಚೀಚ್ಗೆ ನೀ ಮಾತಾಡಿದ್ರೆ ಮುನಿರಾಜು ಮಾತಾಡ್ದಂಗೇ ಇರ್ತದೆ. ಒಂದ್ಸಲ ಅಮ್ಮಾ ಅನ್ನಪ್ಪಾ" ಅಂದರು.

ಅಂದೆ. ಬೇಡ ಬೇಡ ಅನ್ನುತ್ತಲೇ ನಾಲಿಗೆ ಅಂದುಬಿಟ್ಟಿತು. ಆ ಕಡೆಯಿಂದ ಆಕೆ ಉಸಿರು ಎಳೆದುಕೊಂಡದ್ದು ಕೇಳಿಸಿತು, ಫೋನ್ ಇಟ್ಟರು. ನಾನು ಗೋಡೆಗೆ ಒರಗಿ ಕೂತು ಅತ್ತೆ. ನಾಚಿಕೆಯಾಗಿ ಅತ್ತೆ, ಹೆದರಿಕೆಯಾಗಿ ಅತ್ತೆ.

ಅವತ್ತೇ ಲೀನಾಳಿಗೆ ಬರೆದೆ. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ಆಕೆ ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದಳು: ಇದು ನಿಮಗೆ ಆಗಲೇ ಕೇಳಿಸಿತ್ತೇ? ಹೌದು ಅಂದೆ. ಆ ಕೋಣೆಯಲ್ಲಿದ್ದವರನ್ನು ಯುದ್ಧದ ಕಡೆಗೆ ಸಾಗಿಸಿದ್ದು ಗೊತ್ತಾಗಿದೆ, ಮುನಿರಾಜುವಿನ ಸುಳಿವು ಸಿಕ್ಕಿಲ್ಲ, ಹುಡುಕುತ್ತಿದ್ದೇನೆ ಎಂದಳು. ಮಾರನೆಯ ದಿನ ಆಕೆಯ ಹಳೆಯ ವರದಿಯ ತಲೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಹೊಸ ಸಾಲುಗಳಿದ್ದವು: ಈ ವರದಿಯಲ್ಲಿ ತಪ್ಪಿದೆ, ಒಬ್ಬರ ಮಾತನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ನಂಬಿದ್ದು ನನ್ನ ತಪ್ಪು. ಆಕೆ ನನ್ನ ಹೆಸರು ಹಾಕಿರಲಿಲ್ಲ. ಹಾಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ರಾಜಣ್ಣನಿಗೂ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಆಮೇಲೆ, "ವಿಡಿಯೋ ತೆಗ್ದಾಕ್ಬುಡು ಸೀನ. ಯಾರ್ಗೂ ಗೊತ್ತಾಗಲ್ಲ. ಯೋಳೋದ್ ಯಾಕೆ?" ಅಂದರು.

"ಸುಮ್ನೆ ತೆಗ್ದಾಕಿದ್ರೆ ಇನ್ನೊಂದ್ಸಲ ಅವನ ದನಿ ಅಳಿಸಿದಂಗೆ ಅಣ್ಣ" ಅಂದೆ. ವಿಡಿಯೋ ತೆಗೆಯುತ್ತೇನೆ, ತೆಗೆದ ಜಾಗದಲ್ಲಿ ಯಾಕೆ ತೆಗೆದೆ ಎಂದು ನನ್ನ ಮುಖ ಇಟ್ಟು ಹೇಳುತ್ತೇನೆ. ಅರ್ಜಿ ಕೊಡಲು ಗೌರಮ್ಮಕ್ಕನ ಜೊತೆ ಕೋಲಾರಕ್ಕೆ ನಾನೇ ಹೋಗುತ್ತೇನೆ, ಆಕೆ ಬಾ ಅಂದರೆ. ಆದರೆ ಎಲ್ಲಕ್ಕಿಂತ ಮೊದಲು ಆಕೆಗೆ ತಿಳಿಯಬೇಕು.

ಹೆಡ್‌ಫೋನನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಗೌರಮ್ಮಕ್ಕ ಹಾಲು ಕರೆದು ಮುಗಿಸಿ ಜಗುಲಿಯ ಮೇಲೆ ಕೂತಿದ್ದರು. ಕೂರು ಅಂದರು, ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಜಾಹೀರಾತು, ಹೆಡ್‌ಫೋನು, ಬಾಗಿಲ ಸಂದಿಯಿಂದ ಕೇಳಿಸಿಕೊಂಡ ಕರುವಿನ ಸುದ್ದಿ, ಲೀನಾ. ಮುನಿರಾಜು ಹೇಳಿದ್ದನ್ನು ಮಾತ್ರ ನನ್ನ ಬಾಯಿಂದ ಹೇಳಲಿಲ್ಲ. ಅವನ ಬಾಯಿಂದಲೇ ಕೇಳಲಿ ಎಂದುಕೊಂಡೆ. ಆಕೆ ಬೈಯುತ್ತಾರೆ, ಚೆಂಬು ಎತ್ತಿ ಹೊಡೆಯುತ್ತಾರೆ ಎಂದು ಕಾದೆ. ಏನೂ ಮಾಡಲಿಲ್ಲ. ಹೆಡ್‌ಫೋನಿಗೆ ಕೈ ಚಾಚಿದರು.

ಹೆಡ್‌ಫೋನ್ ಕಿವಿಗೆ ಇಟ್ಟು, ಮೂಲ ವಿಡಿಯೋ ಹಾಕಿದೆ. ಆಕೆ ಕಣ್ಣು ಮುಚ್ಚಿಕೊಂಡರು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಹೆತ್ತ ಕಿವಿ ಎಷ್ಟು ದಪ್ಪ ದನಿಯ ಕೆಳಗಿದ್ದರೂ ಗುರುತು ಹಿಡಿಯುತ್ತದೆ, ಈಗ ಹಿಡಿಯುತ್ತದೆ, ಈಗ — ಎಂದು. ಮುಗಿಯಿತು. ಇನ್ನೊಂದು ಸಲ ಎಂದು ಬೆರಳೆತ್ತಿ ತೋರಿಸಿದರು. ಮತ್ತೆ ಹಾಕಿದೆ. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ನಿಧಾನವಾಗಿ ನನ್ನ ಕಡೆ ನೋಡಿದರು.

"ಇದೂ ನೀನೇನಾ ಸೀನಪ್ಪ?"

"ಅಲ್ಲ ಅಕ್ಕ, ಇದು ಅವನೇ! ಆಣೆಗೂ ಅವನೇ."

"ಆವತ್ತೂ ಅಂಗೇ ಅಂದಿದ್ದೆ" ಅಂದರು.